ನೂರು ಹರಿಹರಕ್ಕೊಂದು ಆಯಿಲ್

ನನ್ನ ಗಾಡಿಯ ಮೀಟರು
ಮೂವತ್ತೇಳು ಸಾವಿರದ ನಾನೂರ ಹನ್ನೆರಡಕ್ಕೆ ನಿಂತು
ಆರು ವರ್ಷ. ಗಾಡಿ ನಿಂತಿಲ್ಲ.
ಹಿಂದೆ ಮೂರು, ಅಡ್ಡಡ್ಡ ಎರಡು ಮಂಡಕ್ಕಿ ಚೀಲ,
ದೂರದಿಂದ ಕಂಡವರಿಗೆ
ಚೀಲವೇ ರಸ್ತೆಯ ಮೇಲೆ ನಡೆದು ಬಂದಂತೆ.
ತೂಕವೇನಿಲ್ಲ, ಗಾಳಿಯದೇ ಕಾಟ.

"ಕಂಪನಿ ಪುಸ್ತಕ ಕಿಲೋಮೀಟರ್ ಕೇಳುತ್ತೆ,
ನಿನ್ನ ಹತ್ರ ಅದೇ ಇಲ್ಲ" ಅಂದ ಚಮನ್ ಸಾಬ್
ಬೀಡಿ ಹಿಡಿದ ಕೈಯಲ್ಲೇ ಗಾಳಿಯಲ್ಲಿ ಲೆಕ್ಕ ಬರೆದು:
"ಹೋಗಿ ಬಂದ್ರೆ ಇಪ್ಪತ್ತೆಂಟು.
ನೂರು ಹರಿಹರಕ್ಕೊಂದು ಆಯಿಲ್.
ಬಾಯಿಪಾಠ ಮಾಡ್ಕೋ ಬಕ್ಕೇಶಿ."
ಅಂದಿನಿಂದ ಹ್ಯಾಂಡಲ್ಲಿಗೆ ಚೀಲ ಹೊಲಿಯುವ ಹುರಿ.
ಹರಿಹರಕ್ಕೊಂದು ಗಂಟು.

ವರ್ಷವಿಡೀ ಒಂದಿಲ್ಲೊಂದು.
ಭಟ್ಟಿ ಸಾಲಿನ ಮಸಿಗೆ ಏರ್ ಫಿಲ್ಟರೇ ತವರುಮನೆ,
ಕೊಡವಿದಷ್ಟೂ ಹೊಗೆ.
ಶಿವರಾತ್ರಿ ಕಳೆದು ಟ್ಯಾಂಕಿನ ಮೇಲೆ
ಬಿಸಿಲು ರೊಟ್ಟಿ ಬಡಿಯುವ ಹೊತ್ತಿಗೆ
ಆಯಿಲ್ ಕಡ್ಡಿಯಲ್ಲಿ ಒಂದು ಗೀಟು ಕೆಳಗೆ.
ರೋಹಿಣಿ ಮಳೆಗೆ ಚೈನು ಕೆಂಪು ಕಾರುತ್ತದೆ,
ಹಿಂದಿನ ಬ್ರೇಕು ಹಾಲಿಗೆ ಅತ್ತಂತೆ ಅಳುತ್ತದೆ.
ರಸ್ತೆಗೆ ಹುರುಳಿ ಹಾಸಿದ ದಿನಗಳಲ್ಲಿ
ಬಳ್ಳಿ ಸ್ಪ್ರಾಕೆಟ್ಟಿಗೆ ಸುತ್ತಿ,
ಒಕ್ಕುವ ಹೆಂಗಸರಲ್ಲೇ ಕುಡುಗೋಲು ಕೇಳಿ ಬಿಡಿಸಿದ್ದೇನೆ,
ಅವರ ಬೈಗುಳ ಬೇರೆ.
ಆಯುಧಪೂಜೆಗೆ ಮಗಳು
ಪ್ಲಗ್ಗು ಬಿಚ್ಚಿ ಅದಕ್ಕೂ ಕುಂಕುಮ ಹಚ್ಚಲು ಹೊರಟಿದ್ದಳು.
ಧನುರ್ಮಾಸದ ಬೆಳಗ್ಗೆ ಚೋಕ್ ಎಳೆದು
ಎಂಟು ಒದೆ, ಒಮ್ಮೊಮ್ಮೆ ಹದಿನೆಂಟು.

ಮೊದಲ ಸಲ, ಜೇನಿನ ಬಣ್ಣದ ಹೊಸ ಆಯಿಲ್
ವಾರದಲ್ಲೇ ಕಪ್ಪಾದಾಗ
ಕಲಬೆರಕೆ ಅಂತ ಜಗಳಕ್ಕೆ ಹೋಗಿದ್ದೆ.
"ಅಡಿಗೆಮನೆ ಮಸಿಅರಿವೆ ನೋಡಿಯೇನು?
ಅದು ಬೆಳ್ಳಗಿದ್ರೆ ಹೆದರಬೇಕು" ಅಂದ.
ನಾನು ಚಾ ಕುಡಿದು ಎದ್ದು ಬಂದೆ.

ಮೊನ್ನೆ ಗೇರು ಕಚ್ಚುತ್ತಿದೆಯೆಂದು ಹೋದೆ.
ಇಂಜಿನ್ನು ಬಿಸಿಯಿರುವಾಗಲೇ ಹದಿನೇಳರ ಪಾನಾ ಹಾಕಿ
ತಳದ ಬೋಲ್ಟು ಬಿಚ್ಚಿದ.
ಇಳಿದದ್ದನ್ನು ಎರಡು ಬೆರಳ ನಡುವೆ ಉಜ್ಜಿ,
ಮೂಸಿ, ಷಟರಿಗೆ ಒರೆಸಿ ಕೇಳಿದ:
"ನೂರು ಯಾವತ್ತೋ ದಾಟಿದೆ. ಎಲ್ಲಿಗೆ ಹೋಗಿದ್ದಿ?"
ಹುರಿ ತೋರಿಸಿದೆ. ತೊಂಬತ್ತೊಂದು.
"ಹುರಿ ನೀನು ಕಟ್ಟಿದ್ದು" ಅಂದ.
"ಇದು ನೀನು ಕಟ್ಟಿದ್ದಲ್ಲ."

ಹೇಳಲೋ, ಬೇಡವೋ.
ಭಾನುವಾರಗಳಲ್ಲಿ, ಚೀಲವಿಲ್ಲದೆ,
ಹರಿಹರ ದಾಟಿ ಹೊಳೆಯ ಸೇತುವೆವರೆಗೆ ಹೋಗುತ್ತಿದ್ದೆ.
ಆಚೆ ದಡದಲ್ಲಿ, ಕುಮಾರಪಟ್ಟಣದಲ್ಲಿ, ತಮ್ಮ ಹಾಲೇಶ.
ಇದೇ ಗಾಡಿಯ ಹಿಂದೆ ಚೀಲ ತಬ್ಬಿಕೊಂಡು
ಒಂಬತ್ತು ವರ್ಷ ಕೂತವನು.
ಟೆಂಪೋ ತಗೊಳ್ಳೋಣ ಅಂದ.
ಸಾಲಕ್ಕೆ ಸಹಿ ಹಾಕಲ್ಲ ಅಂದೆ.
ಅಲ್ಲಿಂದ ಮಾತು ಅವ್ವನ ಬೆಂಡೋಲೆವರೆಗೂ ಹೋಯಿತು.
ಸೇತುವೆ ನಡುವೆ, ಆ ಒಂದು ದೀಪದ ಕಂಬದ ಹತ್ತಿರ
ಲಾರಿಗಳ ಸಂದಿಯಲ್ಲಿ ಕಾಲೂರಿ,
ಅರ್ಧ ಕ್ಲಚ್ಚಲ್ಲಿ ತಿರುಗಿಸಿ
ವಾಪಸ್ಸು.
ಎಷ್ಟು ಸಲವೋ. ವ್ಯಾಪಾರವಲ್ಲದ್ದಕ್ಕೆ
ಗಂಟು ಹಾಕಿರಲಿಲ್ಲ.

ಚಮನ್ ಸಾಬ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ವಾಷರನ್ನು ಲುಂಗಿಯ ಅಂಚಿಗೆ ಒರೆಸಿದ.
ಪೇಪರ್ ಸುತ್ತಿ ಆಲಿಕೆ ಮಾಡಿ
ಒಂಬೈನೂರು ಎಂಎಲ್ ಸುರಿದ.
ಹಳೆಯದನ್ನು ಭಟ್ಟಿಯ ಬ್ಲೋವರಿಗೆಂದು ಡಬ್ಬಿಗೆ ಬಗ್ಗಿಸಿಟ್ಟ.
ಒಂದು ನಿಮಿಷ ಸ್ಟಾರ್ಟ್ ಮಾಡಿ, ಆಫ್ ಮಾಡಿ,
ಕಡ್ಡಿ ಎತ್ತಿ ನೋಡಿದ. ಒರೆಸಿ ಮತ್ತೆ ನೋಡಿದ.
ಹುರಿಯನ್ನು ಬ್ಲೇಡಿನಿಂದ ಕತ್ತರಿಸಿ ನನ್ನ ಜೇಬಿಗೇ ತುರುಕಿ ಅಂದ:

"ಕ್ಲಚ್ ಪ್ಲೇಟು ಸವೆದಿದೆ. ಸೇತುವೆ ಮೇಲೆ
ಇಕ್ಕಟ್ಟಲ್ಲಿ ತಿರುಗಿಸಬೇಡ ಇನ್ನು.
ಆಚೆ ದಡಕ್ಕೆ ಹೋಗು, ಜಾಗ ಅಗಲ ಇದೆ,
ಅಲ್ಲಿ ತಿರುಗಿಸ್ಕೊಂಡು ಬಾ."

ಆಮೇಲೆ,
"ನಾನೂರ ಹತ್ತು. ಚಿಲ್ಲರೆ ಐತಾ?"